ಮಕ್ಕಳ ಕಥಾಪುಸ್ತಕಗಳು ಮತ್ತು ನಮ್ಮ ಶಾಲೆಗಳು

ಮಠಗಳು ನಡೆಸಿಕೊಂಡು ಬಂದಿರುವ ತ್ರಿವಿಧ ದಾಸೋಹದಲ್ಲಿ ಅನ್ನ, ಆಶ್ರಯಗಳೊಡನೆ ಅಕ್ಷರಕ್ಕೂ ಸಮಾನವಾದ ಸ್ಥಾನವಿದೆ. ಆದರೆ ಅಕ್ಷರವೆಂಬುದು ಬಹುಮಟ್ಟಿಗೆ ಪಠ್ಯಪುಸ್ತಕದ ಅಳತೆಯಲ್ಲಿಯೇ ಮಕ್ಕಳಿಗೆ ಸಲ್ಲುತ್ತಿದೆ. ಹಳ್ಳಿಯಿಂದ ಪ್ರಸಾದನಿಲಯಕ್ಕೆ ಬಂದು ಸೇರುವ ಹತ್ತು ವರ್ಷದ ಬಾಲಕನ ಮನೆಯಲ್ಲಿ ಪಂಚಾಂಗವೊಂದನ್ನು ಬಿಟ್ಟರೆ ಬೇರೆ ಪುಸ್ತಕವಿಲ್ಲದಿರುವುದು ಅಪರೂಪವೇನಲ್ಲ. ಅವನಿಗೆ ರಾತ್ರಿ ಕಥೆ ಹೇಳುತ್ತಿದ್ದ ಅಜ್ಜಿ ಊರಿನಲ್ಲಿಯೇ ಉಳಿದಿರುತ್ತಾಳೆ. ಆಕೆಯ ಕೆಲಸವನ್ನು ಸ್ವಲ್ಪಮಟ್ಟಿಗಾದರೂ ಶಾಲೆಯಲ್ಲಿ ಮುಂದುವರಿಸಬಲ್ಲದ್ದು ಕಥಾಪುಸ್ತಕ. ಅದು ಎಂತಹದಾಗಿರಬೇಕೆಂಬುದು ವಿಚಾರಾರ್ಹವಾದ ಸಂಗತಿ.

ಮಕ್ಕಳಿಗಾಗಿ ಅಚ್ಚಾಗುವ ಪುಸ್ತಕಗಳಲ್ಲಿ ಒಂದು ರೂಢಿ ಬಹುಕಾಲದಿಂದ ಬೇರೂರಿದೆ. ಕಥೆ ಮುಗಿದೊಡನೆ ದಪ್ಪಕ್ಷರಗಳಲ್ಲಿ ‘ನೀತಿ’ ಎಂದು ಬರೆದು, ಅದರ ಮುಂದೆ ಒಂದು ವಾಕ್ಯವನ್ನು ಜೋಡಿಸುವ ಪದ್ಧತಿ ಅದು. ಪರೀಕ್ಷೆಗೆ ಇದು ಅನುಕೂಲವೇ ಸರಿ. ಆದರೆ ಬಾಲಕನು ಕಥೆಯನ್ನು ಮರೆತು ಆ ವಾಕ್ಯವನ್ನೇ ಕಂಠಪಾಠ ಮಾಡುತ್ತಾನೆ. ವಿಚಾರಮಾಡುವ ಕೆಲಸವನ್ನು ಲೇಖಕನೇ ಮುಗಿಸಿಬಿಟ್ಟ ಮೇಲೆ ಓದುವವನಿಗೆ ಉಳಿಯುವುದೇನು? ನಮ್ಮ ಜನಪದರು ಇಂತಹ ಅವಸರವನ್ನು ತೋರಲಿಲ್ಲ. ಗೋವಿನ ಹಾಡಿನಲ್ಲಿ ಮಾತಿಗೆ ತಪ್ಪದೆ ಮರಳಿ ಬಂದ ಪುಣ್ಯಕೋಟಿಯನ್ನು ತಿನ್ನಲಾರದೆ ಹುಲಿ ತಾನೇ ಪ್ರಾಣ ಬಿಡುತ್ತದೆ. ಹಸು ಬದುಕಿತೆಂದು ಸಂತೋಷಪಡುವ ತರಗತಿಯಲ್ಲಿಯೇ, ಹಸಿದ ಹುಲಿ ಮಾಡಿದ ತಪ್ಪೇನೆಂದು ಕೇಳುವ ಒಬ್ಬ ಹುಡುಗನಾದರೂ ಇರುತ್ತಾನೆ. ಆ ಪ್ರಶ್ನೆಗೆ ಶಿಕ್ಷಕರು ಕೂಡಲೇ ಉತ್ತರ ಕೊಡದಿರುವುದೇ ಲೇಸು.

ಪಂಜೆ ಮಂಗೇಶರಾಯರು (1874–1937) ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಗಳಾಗಿ ಮಕ್ಕಳನ್ನು ಹತ್ತಿರದಿಂದ ಬಲ್ಲವರು. ಅವರ ‘ಹೇನು ಸತ್ತು ಕಾಗೆ ಬಡವಾಯಿತು’ ಎಂಬ ಕಥೆಯಲ್ಲಿ ಉಪದೇಶವನ್ನು ಹುಡುಕುವವರಿಗೆ ನಿರಾಶೆಯೇ ಗತಿ. ಮಕ್ಕಳಿಗಾದರೋ ಆ ಹೆಸರು ಕಿವಿಗೆ ಬಿದ್ದೊಡನೆಯೇ ನಗು. ಕುವೆಂಪು ಅವರು ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಪಟ್ಟಣದ ಕಥೆಯನ್ನು ತುಂಗಾತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬರೆದರು. ಅಲ್ಲಿ ಮಾತಿಗೆ ತಪ್ಪುವವರು ದೊಡ್ಡವರು. ಊರು ಕಳೆದುಕೊಳ್ಳುವುದು ಮಕ್ಕಳನ್ನು. ಹಿರಿಯರೂ ತಪ್ಪುಮಾಡುತ್ತಾರೆಂಬ ಸತ್ಯವನ್ನು ಮಕ್ಕಳ ಮುಂದೆ ಇಡಲು ಕವಿ ಅಂಜಲಿಲ್ಲ.

ಮನೆವಾರ್ತೆಯ ಕಥೆಗಳಿಗೆ ಬಂದರೆ, ವೃತ್ತಿಯಿಂದ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು (1934–1991) ‘ದಿನಕ್ಕೊಂದು ಕಥೆ’ ಎಂಬ ಮಾಲೆಯನ್ನು 12 ಸಂಪುಟಗಳಲ್ಲಿ ಕೊಟ್ಟುದು ದೊಡ್ಡ ಉಪಕಾರ. ವರ್ಷದ ಪ್ರತಿಯೊಂದು ದಿನಕ್ಕೂ ಒಂದು ಕಥೆ ಸಲ್ಲಬೇಕೆಂಬ ಸಂಕಲ್ಪದಲ್ಲಿಯೇ ಒಂದು ತಾಯ್ತನವಿದೆ.

ಶರಣರ ಚರಿತ್ರೆಯನ್ನು ಮಕ್ಕಳಿಗಾಗಿ ಬರೆದವರೂ ಅನೇಕರು. ಆದರೆ ಆ ಪುಸ್ತಕಗಳಲ್ಲಿ ಪವಾಡಕ್ಕೆ ದೊರೆತಷ್ಟು ಪುಟಗಳು ಕಾಯಕಕ್ಕೆ ದೊರೆತಿಲ್ಲವೆಂಬುದನ್ನು ಖೇದದಿಂದಲೇ ಹೇಳಬೇಕಾಗಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವನ್ನೇ ನೋಡಬಹುದು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತ ಪತಿಗೆ ಲಕ್ಕಮ್ಮ ಕಾಯಕದ ನೆನಪು ಮಾಡುತ್ತಾಳೆ. ಅವನು ಆತುರದಿಂದ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಇಷ್ಟೇಕೆ ತಂದಿರಿ, ನಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಇದ್ದಲ್ಲಿಯೇ ಸುರಿದು ಬನ್ನಿ ಎನ್ನುತ್ತಾಳೆ ಆ ತಾಯಿ. ಇದರಲ್ಲಿ ಪವಾಡವಿಲ್ಲ. ಬಡವರ ಒಂದು ಅಡುಗೆಮನೆ, ಒಂದು ಮೊರ ಅಕ್ಕಿ, ಗಂಡನ ತಪ್ಪನ್ನು ಮೆಲ್ಲಗೆ ತಿದ್ದುವ ಹೆಂಡತಿ ಇಷ್ಟೇ ಇರುವುದು. ಮನೆಯಲ್ಲಿ ತಾಯಿ ಅಕ್ಕಿ ಅಳೆಯುವುದನ್ನು ಕಂಡ ಯಾವ ಮಗುವಿಗೂ ಇದಕ್ಕೆ ವ್ಯಾಖ್ಯಾನ ಬೇಡ. ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಕಟ್ಟಿಗೆ ಹೊತ್ತ ಮೋಳಿಗೆ ಮಾರಯ್ಯ ಇವರೆಲ್ಲರೂ ಚಿತ್ರಗಳೊಡನೆ ಇದೇ ಬಗೆಯಲ್ಲಿ ಮಕ್ಕಳ ಕೈಗೆ ಬರಬೇಕು. ಈ ಕಾರ್ಯಕ್ಕೆ ಮಠದ ಶಾಲೆಗಳಲ್ಲದೆ ಮತ್ತಾರು ಮುಂದಾಗಬೇಕು?

ಗೆಳೆತನದ ಕಥೆಗಳಿಗೆ ಕನ್ನಡದಲ್ಲಿ ಬರವಿಲ್ಲ. ದುರ್ಗಸಿಂಹನು 11ನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಸಿಂಹಕ್ಕೂ ಎತ್ತಿಗೂ ಬೆಳೆದ ಸ್ನೇಹವನ್ನು ನರಿಯ ಚಾಡಿಮಾತು ಮುರಿಯುವ ಬಗೆಯನ್ನು ಪ್ರಸಾದನಿಲಯದ ಹುಡುಗರು ಪಂಡಿತರಿಗಿಂತ ಚೆನ್ನಾಗಿ ಬಲ್ಲರು!

ಚರಿತ್ರೆಯ ವಿಷಯದಲ್ಲಿ, 1970ರ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಪ್ರೊ. ಎಲ್. ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ಹೊರತಂದ ‘ಭಾರತ ಭಾರತಿ’ ಮಾಲೆಯ 500ಕ್ಕೂ ಹೆಚ್ಚು ಕಿರುಪುಸ್ತಕಗಳನ್ನು ಹಿರಿಯ ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲರು. ಅಂಗಿಯ ಜೇಬಿನಲ್ಲಿ ಹಿಡಿಸುವ ಆ ಪುಸ್ತಕಗಳು ಹಳ್ಳಿಹಳ್ಳಿಗೂ ಮಹನೀಯರ ಪರಿಚಯವನ್ನು ಒಯ್ದವು. ಆದರೆ ಇಂತಹ ಜೀವನಚರಿತ್ರೆಗಳಲ್ಲಿ ಮಹಾಪುರುಷನು ಹುಟ್ಟುವಾಗಲೇ ಮಹಾಪುರುಷನಾಗಿರುವುದುಂಟು. ಓದುವ ಬಾಲಕನಿಗೆ ಅಲ್ಲಿ ಕೈಮುಗಿಯುವುದರ ಹೊರತು ಬೇರೆ ಕೆಲಸವಿಲ್ಲ. ಗಾಂಧೀಜಿಯವರಾದರೋ ತಾವು ಬಾಲ್ಯದಲ್ಲಿ ಅಣ್ಣನ ಕಡಗದ ಚಿನ್ನವನ್ನು ಕದ್ದುದನ್ನೂ, ಚೀಟಿ ಬರೆದು ತಂದೆಗೆ ಕೊಟ್ಟುದನ್ನೂ ಆತ್ಮಕಥೆಯಲ್ಲಿ ಮುಚ್ಚಿಡದೆ ಹೇಳಿದ್ದಾರೆ. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಆ ಹೆಸರಿನಲ್ಲಿರುವ ‘ಆದ’ ಎಂಬ ಮಾತು ಗಮನಾರ್ಹವಾದುದು.

ನಿತ್ಯಜೀವನದ ತೊಡಕುಗಳನ್ನು ಕುರಿತ ಪುಸ್ತಕಗಳು ಮಾತ್ರ ಇನ್ನೂ ಸಾಲವು. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ದಂತಹ ಕೃತಿಗೆ 2021ರಲ್ಲಿ ಅದೇ ಪುರಸ್ಕಾರ ದೊರೆತುದು ಆಶಾದಾಯಕ. ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳು ಗುಳೆ ಹೋದಾಗ ಉಳಿದ ಮಗು, ನಿಲಯದಲ್ಲಿ ಮೊದಲ ರಾತ್ರಿ ನಿದ್ರೆ ಬಾರದೆ ಹೊರಳುವ ಹುಡುಗ, ಏಳನೆಯ ತರಗತಿಗೆ ಶಾಲೆ ಬಿಟ್ಟ ಅಕ್ಕ ಇವರ ಕಥೆಗಳನ್ನು ಬರೆಯಬಲ್ಲವರು ಬಹುಶಃ ಶಿಕ್ಷಕರ ನಡುವೆಯೇ ಇದ್ದಾರೆ. 1949ರಿಂದ ಕನ್ನಡದಲ್ಲಿ ಬರುತ್ತಿದ್ದ ‘ಚಂದಮಾಮ’ ಈಗ ನಿಂತುಹೋಗಿರುವಾಗ ಈ ಅಗತ್ಯ ಇನ್ನೂ ಹೆಚ್ಚಿದೆ.

ಕೊಳ್ಳುವುದಷ್ಟರಿಂದ ಕೆಲಸ ಮುಗಿಯದು. ಎಷ್ಟೋ ಶಾಲೆಗಳಲ್ಲಿ ಕಥಾಪುಸ್ತಕಗಳು ಗಾಜಿನ ಬೀರುವಿನಲ್ಲಿ ಹೊಚ್ಚಹೊಸದಾಗಿಯೇ ಇವೆ. ಬೀರುವಿನ ಕೀಲಿ ಮುಖ್ಯೋಪಾಧ್ಯಾಯರ ಮೇಜಿನಲ್ಲಿದೆ. ಹರಿದರೆ ಲೆಕ್ಕ ಒಪ್ಪಿಸಬೇಕೆಂಬ ಭಯ ಸಹಜವಾದುದೇ. ಆದಕಾರಣ ಆಡಳಿತ ಮಂಡಳಿಯು ವರ್ಷಕ್ಕೆ ಇಷ್ಟು ಪುಸ್ತಕಗಳು ಹರಿಯಬಹುದೆಂದು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ಕೊಠಡಿಗೆ ಹೆಸರು ಕೆತ್ತಿಸುವ ದಾನಿಗಳು ಒಂದು ತರಗತಿಯ ಕಥಾಪುಸ್ತಕಗಳನ್ನು ಪ್ರತಿವರ್ಷ ತುಂಬಿಕೊಡುವ ದತ್ತಿಯನ್ನೂ ಇಡಬಹುದು. ಅದಕ್ಕೆ ತಗಲುವ ಹಣ ಕೊಠಡಿಗಿಂತ ಬಹಳ ಕಡಮೆ.

ಶನಿವಾರದ ಬೆಳಗಿನ ಶಾಲೆಯ ಕೊನೆಯ ಅವಧಿಯನ್ನು ಗಟ್ಟಿಯಾಗಿ ಓದಿ ಹೇಳುವುದಕ್ಕೆ ಮೀಸಲಿಟ್ಟರೆ ವೇಳಾಪಟ್ಟಿಗೆ ಭಂಗವಿಲ್ಲ. ಓದುವ ಶಿಕ್ಷಕರು ಪುಸ್ತಕದಲ್ಲಿ ‘ಅಮ್ಮ’ ಎಂದಿರುವ ಕಡೆ ‘ಅವ್ವ’ ಎಂದು ಓದಲು ಸಂಕೋಚಪಡಬೇಕಾಗಿಲ್ಲ.