ಹಳೆಯ ದನದ ಕೊಟ್ಟಿಗೆಯನ್ನು ವಾಸದ ಮನೆಯಾಗಿಸುವ ಮುನ್ನ

ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಅತ್ತಿಗುಪ್ಪೆ ಇವೆಲ್ಲ ಒಂದು ಕಾಲಕ್ಕೆ ಬೇಸಾಯದ ಹಳ್ಳಿಗಳು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳು ಬೆಳೆದ ಮೇಲೆ ಅವುಗಳ ಹೆಸರು ಉಳಿಯಿತು, ಕೊಟ್ಟಿಗೆಗಳು ಹೋದವು. ಕೆಂಗೇರಿಯಿಂದಾಚೆ ರಾಮೋಹಳ್ಳಿ, ತಾವರೆಕೆರೆಗಳ ಕಡೆ ಮಣ್ಣಿನ ದಪ್ಪ ಗೋಡೆ, ಕಲ್ಲುಕಂಬ, ಹೆಂಚಿನ ಮಾಡಿನ ಹಳೆಯ ಕೊಟ್ಟಿಗೆಗಳು ಇನ್ನೂ ಅಲ್ಲಲ್ಲಿ ಇವೆ. ದನ ಕಡಿಮೆಯಾಗಿ ಖಾಲಿ ಬಿದ್ದ ಕೊಟ್ಟಿಗೆಯನ್ನೇ ಮಗನ ಸಂಸಾರಕ್ಕೆ ಮನೆ ಮಾಡಿಕೊಡುವ ಯೋಚನೆ ಒಳ್ಳೆಯದೇ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಬೇಸಿಗೆಯಲ್ಲಿ ಕೊಡುವ ತಂಪನ್ನು ಆರು ಅಂಗುಲದ ಸಿಮೆಂಟ್ ಬ್ಲಾಕಿನ ಗೋಡೆ ಕೊಡಲಾರದು.

ಆದರೆ ಕೊಟ್ಟಿಗೆಯ ಗೋಡೆ ಮನೆಯ ಗೋಡೆಯಂತಲ್ಲ. ಅದು ಎಷ್ಟೋ ವರ್ಷ ಗಂಜಲ ಕುಡಿದಿರುತ್ತದೆ. ಗಂಜಲದಲ್ಲಿರುವ ಯೂರಿಯಾ ಮೊದಲು ಅಮೋನಿಯವಾಗಿ, ಅನಂತರ ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ಆಗಿ ಮಾರ್ಪಡುತ್ತದೆ. ಹೊಲದಲ್ಲಿ ಬೆಳೆಗೆ ಬೇಕಾದ ಸಾರಜನಕ ಇದೇ. ಹಿಂದೆ ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಇಂಥ ಮಣ್ಣನ್ನೇ ತೊಳೆದು ತೆಗೆಯುತ್ತಿದ್ದರು. ಗೋಡೆಯಲ್ಲಿ ಮಾತ್ರ ಇದು ಶತ್ರು. ನೆಲದ ತೇವದೊಡನೆ ಮೇಲೇರಿ, ತೇವ ಆರಿದಲ್ಲಿ ಬಿಳಿಯ ಹರಳಾಗಿ ನಿಂತು ಮಣ್ಣನ್ನು ಪುಡಿಗುಟ್ಟಿಸುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವವನ್ನೂ ಹೀರುವುದರಿಂದ ಸೋರದ ಗೋಡೆಯೂ ಬೆವರುತ್ತದೆ.

ಇದನ್ನು ಮುಚ್ಚಲೆಂದು ಸಿಮೆಂಟ್ ಗಾರೆ ಬಳಿಯುವವರೇ ಹೆಚ್ಚು. ಆಗ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಇನ್ನೂ ಮೇಲಕ್ಕೇರುತ್ತದೆ. ಹೊರಗೆ ನುಣುಪಾದ ಗೋಡೆ, ಒಳಗೆ ನೆನೆದು ಮೆದುವಾದ ಮಣ್ಣು. ಮಣ್ಣಿನ ಗೋಡೆ ನೆನೆದರೆ ಭಾರ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನ ಜಡಿಮಳೆಯಲ್ಲಿ ಅದು ರಾತ್ರೋರಾತ್ರಿ ಕುಸಿಯಬಹುದು. ಒಳಗೆ ಮಲಗಿರುವುದು ಈಗ ದನಗಳಲ್ಲ.

ಆದ್ದರಿಂದ ರಾಗಿ ಒಕ್ಕಣೆ ಮುಗಿದ ಮೇಲೆ, ಜನವರಿಯಲ್ಲಿ ಕೆಲಸ ಹಿಡಿಯಿರಿ. ಮೊದಲು ಗೋದಲಿ ತೆಗೆದು, ನೆಲದ ಮಣ್ಣನ್ನು ಸುಮಾರು ಒಂದು ಅಡಿ ಆಳ ಅಗೆದು ಹೊರಹಾಕಬೇಕು. ಹಳೆಯ ಕಟ್ಟಡಗಳ ಪಂಚಾಂಗ ಆಳವಿರುವುದಿಲ್ಲ. ಗೋಡೆಯ ಪಕ್ಕ ಒಂದೇ ಸಲ ಉದ್ದಕ್ಕೂ ಅಗೆಯದೆ, ನಾಲ್ಕು ನಾಲ್ಕು ಅಡಿಯಷ್ಟು ಅಗೆದು ತುಂಬುತ್ತ ಹೋಗಿ. ಪಂಚಾಂಗದ ತಳಕ್ಕಿಂತ ಕೆಳಗೆ ಹೋಗಲೇಬೇಡಿ. ತೆಗೆದ ಮಣ್ಣನ್ನು ರಸ್ತೆಗೆ ಚೆಲ್ಲುವುದು ದಡ್ಡತನ. ಅದರಲ್ಲಿ ಸಾರಜನಕದ ಜೊತೆ ಪೊಟ್ಯಾಷ್ ಕೂಡ ಇದೆ. ಹೊಲಕ್ಕೆ ತೆಳುವಾಗಿ ಹರಡಿ. ಒಂದೇ ಕಡೆ ಗುಡ್ಡೆ ಹಾಕಿದರೆ ಪೈರು ಸುಟ್ಟೀತು.

ಗೋಡೆಯ ಮೇಲಿನ ಸಡಿಲ ಮಣ್ಣನ್ನು ಕೆರೆದು, ಉಪ್ಪಿಲ್ಲದ ಜೇಡಿಮಣ್ಣನ್ನು ಕಲಸಿ ಅರ್ಧ ಅಂಗುಲ ದಪ್ಪ ಮೆತ್ತಿ ಒಣಗಲು ಬಿಡಿ. ಒಣಗುವಾಗ ಅದು ಉಪ್ಪನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಉದುರಿಸಿ ಹೊರಗೆ ಹಾಕಿ. ಎರಡು ಮೂರು ಸಲ ಹೀಗೆ ಮಾಡಿ. ಅನಂತರ ಸುಣ್ಣದ ಗಾರೆ ಬಳಿದರೆ ಗೋಡೆ ಉಸಿರಾಡುತ್ತದೆ. ನೆಲಕ್ಕೆ ಗರಸು ತುಂಬಿ ದಿಮ್ಮಸು ಮಾಡಿ ಕಲ್ಲುಚಪ್ಪಡಿ ಹಾಸುವುದು ಮೇಲು. ಗೋಡೆಯಿಂದ ಗೋಡೆಗೆ ಕಾಂಕ್ರೀಟ್ ಹಾಕಿದರೆ ನೆಲದ ತೇವವೆಲ್ಲ ಗೋಡೆಗೇ ನುಗ್ಗುತ್ತದೆ.

ತೀರ ಕೆಟ್ಟ ಗೋಡೆಯನ್ನು ಬಿಚ್ಚಿ ಕಟ್ಟಬೇಕಾದರೆ ನಮ್ಮ ಕೆಂಪು ಮಣ್ಣೇ ಸಾಕು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ಆರಂಭವಾದ ‘ಅಸ್ತ್ರ’ ಕೇಂದ್ರ, ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಕೆಂಪು ಮಣ್ಣಿನ ಜೇಡಿ ನೆನೆದಾಗ ಹೆಚ್ಚು ಉಬ್ಬದಿರುವುದರಿಂದ ಸಿಮೆಂಟಿನೊಡನೆ ಹೊಂದುತ್ತದೆ, ಎರೆಮಣ್ಣು ಹಾಗಲ್ಲ. ಆದರೆ ಕೊಟ್ಟಿಗೆಯ ಹಳೆಯ ಮಣ್ಣನ್ನು ಇದಕ್ಕೆ ಸೇರಿಸಬಾರದು.

ಕಿಟಕಿಯನ್ನು ಮೂಲೆಯಿಂದ ಮೂರಡಿ ಬಿಟ್ಟು ತೆರೆಯಿರಿ, ಮೇಲೆ ಕಲ್ಲಿನ ತೊಲೆ ಇರಲಿ. ಬೆಳಕಿಗೆ ನಾಲ್ಕಾರು ಗಾಜಿನ ಹೆಂಚು ಸಾಕು. ಹೊರಗಿನ ಅಂಗಳ ಒಳನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿರಲಿ, ಸೂರು ಎರಡು ಅಡಿ ಮುಂದೆ ಚಾಚಿರಲಿ. ಬಚ್ಚಲನ್ನು ಮಣ್ಣಿನ ಗೋಡೆಗೆ ತಾಗದಂತೆ ಸುಟ್ಟ ಇಟ್ಟಿಗೆಯಲ್ಲಿ ಬೇರೆಯಾಗಿ ಕಟ್ಟಿ, ನೀರಿನ ಕೊಳವೆಗಳನ್ನು ಗೋಡೆಯೊಳಗೆ ಹುದುಗಿಸದೆ ಹೊರಗೇ ಕಾಣುವಂತೆ ಎಳೆಸಿ. ಸೋರಿದರೆ ಅಂದೇ ಕಣ್ಣಿಗೆ ಬೀಳುತ್ತದೆ.