ಒಂದೇ ತಲೆಗೆ ಎಷ್ಟು ಕೆಲಸ?

ಮೊದಲು ಒಂದು ಪ್ರಯೋಗ ಮಾಡಿ. ಗಡಿಯಾರ ನೋಡಿಕೊಂಡು ಒಂದು ಸಾಲಿನಲ್ಲಿ 1ರಿಂದ 20ರವರೆಗೆ, ಕೆಳಗಿನ ಸಾಲಿನಲ್ಲಿ ಇಂಗ್ಲಿಷಿನ ಎಯಿಂದ ಟಿವರೆಗೆ ಬರೆಯಿರಿ. ಆಮೇಲೆ ಅದನ್ನೇ 1, ಎ, 2, ಬಿ ಎಂದು ಮೇಲೊಂದು ಕೆಳಗೊಂದು ಬರೆಯಿರಿ. ನಾನು ದ್ವಿತೀಯ ಪಿಯು ಗಣಕ ವಿಜ್ಞಾನದ ತರಗತಿಯಲ್ಲಿ ಮಾಡಿಸಿದಾಗ ಎರಡನೆಯ ಸಲ ಎಲ್ಲರಿಗೂ ಹೆಚ್ಚು ಹೊತ್ತು ಹಿಡಿಯಿತು. ಕೆಲವರು ಅಕ್ಷರಗಳನ್ನೇ ತಪ್ಪಿದರು.

ಮಲ್ಟಿಟಾಸ್ಕಿಂಗ್ ಎಂಬುದು ಕಂಪ್ಯೂಟರಿನಿಂದ ಬಂದ ಮಾತು. ಒಂದೇ ಕೋರ್ ಇರುವ ಸಾಮಾನ್ಯ ಪ್ರೊಸೆಸರ್ ಒಂದು ಕ್ಷಣಕ್ಕೆ ಒಂದೇ ಕೆಲಸ ನಡೆಸುತ್ತದೆ. ಬೇಗ ಬೇಗ ಬದಲಿಸುವುದರಿಂದ ಎಲ್ಲವೂ ಒಟ್ಟಿಗೆ ನಡೆದಂತೆ ಕಾಣುತ್ತದೆ, ಅಷ್ಟೆ. ಪ್ರತಿ ಸಲವೂ ಹಳೆಯ ಕೆಲಸದ ಸ್ಥಿತಿಯನ್ನು ಉಳಿಸಿ, ಹೊಸದರ ಸ್ಥಿತಿಯನ್ನು ತರಬೇಕು. ಇದೇ ಕಾಂಟೆಕ್ಸ್ಟ್ ಸ್ವಿಚ್. ಯಂತ್ರ ಬಿಟ್ಟ ಜಾಗದಿಂದಲೇ ಹಿಡಿಯುತ್ತದೆ. ನಮಗೆ ಹಾಗಾಗದು. ಅರ್ಧಕ್ಕೆ ಬಿಟ್ಟ ಕೆಲಸ ಮುಂದಿನ ಕೆಲಸದ ಹೊತ್ತಿನಲ್ಲೂ ಮನಸ್ಸಿನಲ್ಲಿ ಉಳಿಯುತ್ತದೆಂದು ಸೋಫಿ ಲೆರಾಯ್ 2009ರ ಸಂಶೋಧನೆಯಲ್ಲಿ ತೋರಿಸಿದರು. ಒಬ್ಬನಿಗೆ ಎರಡು ಪ್ರಾಜೆಕ್ಟ್ ಕೊಟ್ಟರೆ ಶೇ. 20, ಮೂರು ಕೊಟ್ಟರೆ ಶೇ. 40ರಷ್ಟು ಸಮಯ ಬದಲಾವಣೆಯಲ್ಲೇ ಹೋಗುತ್ತದೆ ಎಂಬುದು ಸಾಫ್ಟ್‌ವೇರ್ ಲೇಖಕ ಜೆರಾಲ್ಡ್ ವೈನ್‌ಬರ್ಗ್ ಅಂದಾಜು. ಅಂದಾಜೇ ಆದರೂ ನನಗೆ ನಂಬಿಕೆಯಾಗುತ್ತದೆ.

ಎಮ್ಮಿಗನೂರಿನವರಿಗೆ ಇದು ಹೊಸದೇನಲ್ಲ. ನಾಟಿ ದಿನ ಸಸಿ ಕಿತ್ತು ಕಟ್ಟು ಕಟ್ಟುವವರು ಬೇರೆ, ಹಚ್ಚುವವರು ಬೇರೆ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ರಲ್ಲೂ ಹೀಗೇ: ರಾಕೆಟ್ಟಿನ ಪರಿಣತಿ ತಿರುವನಂತಪುರದ್ದು, ನೌಕೆಯದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ್ದು, ಸಂಪರ್ಕ ಮತ್ತು ನಿಯಂತ್ರಣ ಇಸ್ಟ್ರಾಕ್‌ನದು.

ಸಾಫ್ಟ್‌ವೇರ್ ತಂಡಗಳು ಇದಕ್ಕಾಗಿ ಟೊಯೋಟಾ ಕಾರ್ಖಾನೆಯ ಕಾನ್‌ಬಾನ್ ಪದ್ಧತಿಯನ್ನು ತೆಗೆದುಕೊಂಡಿವೆ. ಬೋರ್ಡಿನ ಮೇಲೆ ಮೂರು ಅಂಕಣ: ಮಾಡಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು. ನಡುವಿನ ಅಂಕಣಕ್ಕೆ ಮಿತಿ ಇರುತ್ತದೆ. ಅದು ತುಂಬಿದ್ದರೆ ಒಂದು ಮುಗಿಯುವ ತನಕ ಹೊಸ ಚೀಟಿ ಅಂಟಿಸುವಂತಿಲ್ಲ. ಮೇಲಧಿಕಾರಿ ಹೇಳಿದರೂ!

ಈ ಸಲದ ಪ್ರಾಜೆಕ್ಟಿನಲ್ಲಿ ನಾಲ್ವರ ತಂಡಗಳು ಹೀಗೇ ನಡೆಯಲಿ. ಒಬ್ಬರು ಡೇಟಾಬೇಸ್, ಒಬ್ಬರು ಪರದೆಯ ವಿನ್ಯಾಸ, ಒಬ್ಬರು ಪ್ರೋಗ್ರಾಂ, ಒಬ್ಬರು ಪರೀಕ್ಷೆ. ಎಲ್ಲರ ಕೆಲಸವನ್ನೂ ಒಬ್ಬರೇ ಮಾಡಿ ಉಳಿದವರು ಹೆಸರು ಬರೆಸುವುದು ಬೇಡ. ಆದರೆ ಪರಿಣತಿಗೂ ಒಂದು ಅಪಾಯವಿದೆ: ಡೇಟಾಬೇಸ್ ಬಲ್ಲವಳು ಅಕ್ಕನ ಮದುವೆಗೆಂದು ವಾರ ರಜೆ ಹಾಕಿದರೆ ತಂಡವೇ ನಿಂತೀತು. ಅದಕ್ಕೇ ವಾರಕ್ಕೆ ಒಂದು ಗಂಟೆ ಮತ್ತೊಬ್ಬರು ಅವಳ ಪಕ್ಕ ಕೂತು ಕಲಿಯಬೇಕು. ಆ ಗಂಟೆ ಮೊಬೈಲು ಬ್ಯಾಗಿನಲ್ಲಿರಲಿ.