ಮೊದಲು ಕೆರೆ, ಆಮೇಲೆ ಕೋಟೆ

ರಾಜಸ್ಥಾನಕ್ಕೆ ಹೊರಟವರು ಏನಾದರೂ ಹೇಳಿ ಎಂದರೆ ನಾನು ಹೇಳುವುದು ಇಷ್ಟೇ: ಜೈಸಲ್ಮೇರಿನಲ್ಲಿ ಇಳಿದ ಬೆಳಿಗ್ಗೆ ಕೋಟೆ ಹತ್ತಬೇಡಿ, ಗಡೀಸರ ಕೆರೆಗೆ ಹೋಗಿ. ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಊರಿನ ಯಾವ ಸಂದಿಯಲ್ಲಿ ತಲೆಯೆತ್ತಿದರೂ ಅದೇ ಕಾಣುತ್ತದೆ. ಕೆರೆಯನ್ನು ಮಾತ್ರ ಎಲ್ಲರೂ ಸಂಜೆಯ ದೋಣಿವಿಹಾರಕ್ಕೆಂದು ಉಳಿಸಿಕೊಂಡು, ದಣಿದ ಕಾಲೆಳೆದುಕೊಂಡು ಬಂದು, ಫೋಟೋ ತೆಗೆಸಿಕೊಂಡು ಹೋಗಿಬಿಡುತ್ತಾರೆ.

ಈ ಬುದ್ಧಿ ನನಗೆ ಬಂದದ್ದು ಅರಮನೆಗಳು ಸಾಕೋ ಸಾಕು ಅನ್ನಿಸಿದ ಮೇಲೆ. ಒಂದರ ಹಿಂದೊಂದು ನೋಡುತ್ತಾ ಹೋದರೆ ಕಣ್ಣು ಜಡ್ಡುಗಟ್ಟುತ್ತದೆ. ಮತ್ತದೇ ಶೀಶ್ ಮಹಲು, ಮತ್ತದೇ ಬೆಳ್ಳಿಯ ಅಂಬಾರಿ, ಮತ್ತದೇ ಕತ್ತಿ ಗುರಾಣಿಗಳ ಸಾಲು. ಯಾವ ರಾಜ ಯಾರ ಮಗ ಎಂಬುದು ಗೈಡು ಹೇಳುತ್ತಿರುವಾಗಲೇ ಮರೆತುಹೋಗುತ್ತದೆ. ಆಗ ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳಲು ಶುರುಮಾಡಿದೆ: ಇಲ್ಲಿದ್ದವರು ನೀರು ಎಲ್ಲಿಂದ ತರುತ್ತಿದ್ದರು? ಬಾಯಿಪಾಠ ಒಪ್ಪಿಸುತ್ತಿದ್ದ ಗೈಡುಗಳು ಅಲ್ಲಿಗೆ ಅದನ್ನು ನಿಲ್ಲಿಸಿ, ತಮ್ಮ ಅಜ್ಜಿ ಕೊಡ ಹೊತ್ತ ಕಥೆಗೆ ಇಳಿಯುತ್ತಿದ್ದರು.

ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ ಜೋರು ಹಿಡಿದರೆ ಅಷ್ಟನ್ನು ಒಂದೇ ದಿನ ಸುರಿದು ಮುಗಿಸುತ್ತದೆ. ಇಂಥ ಕಡೆ 1156ರಲ್ಲಿ ಭಾಟಿ ವಂಶದ ರಾವಲ್ ಜೈಸಲ್ ತ್ರಿಕೂಟ ಬೆಟ್ಟದ ಮೇಲೆ ಕೋಟೆ ಕಟ್ಟಲು ಹೊರಟ. ಹದಿನಾಲ್ಕನೆಯ ಶತಮಾನದಲ್ಲಿ ರಾವಲ್ ಗಡಸಿ ಕೆಳಗಿನ ಕೆರೆಯನ್ನು ದೊಡ್ಡದಾಗಿ ಕಟ್ಟಿಸಿದ. ಅವನ ಹೆಸರೇ ಅದಕ್ಕೆ ನಿಂತಿತು. ಈ ಕೆರೆಗೆ ಹೊಳೆಯ ಆಸರೆಯಿಲ್ಲ. ಸುತ್ತಲಿನ ಕಲ್ಲುಬಯಲಿನ ಮೇಲೆ ಬಿದ್ದ ಹನಿ ಇಳಿಜಾರು ಹಿಡಿದು ಬಂದು ಸೇರಬೇಕು. ಆಗೋರ್ ಎಂದು ಕರೆಯುವ ಆ ಬಯಲನ್ನು ಹೊಲಸು ಮಾಡುವಂತಿರಲಿಲ್ಲ, ಚಪ್ಪಲಿ ಮೆಟ್ಟಿ ತಿರುಗುವುದಕ್ಕೂ ಕಟ್ಟುಪಾಡಿತ್ತು. ನಲ್ಲಿ ಬರುವ ತನಕ ಊರು ಕುಡಿದದ್ದು ಇದೇ ನೀರನ್ನು. ಈಗ ಕೆರೆ ಬತ್ತದಂತೆ ನೋಡಿಕೊಳ್ಳುವುದು ಪಂಜಾಬಿನ ಹರಿಕೆಯಿಂದ ಬರುವ ಇಂದಿರಾಗಾಂಧಿ ಕಾಲುವೆ. ಮೆಟ್ಟಿಲ ಬಳಿ ಬಾಯಿ ತೆರೆದುಕೊಂಡು ಮುತ್ತುವ ದಪ್ಪ ಮೀನುಗಳಿಗೆ ಬ್ರೆಡ್ ಎಸೆಯುವವರಿಗೆ ಇದರ ಗೊಡವೆಯಿಲ್ಲ.

ಕೆರೆಯ ಹೆಬ್ಬಾಗಿಲನ್ನು ಕಟ್ಟಿಸಿದವಳು ಟೀಲೋ ಎಂಬ ವೇಶ್ಯೆಯಂತೆ. ಅವಳು ಕಟ್ಟಿಸಿದ ಕಮಾನಿನಡಿ ರಾಜಮನೆತನದವರು ಹಾದುಹೋಗುವುದೆಂದರೇನು ಎಂದು ಆಕ್ಷೇಪ ಎದ್ದಾಗ, ಅವಳು ಸದ್ದಿಲ್ಲದೆ ಅದರ ನೆತ್ತಿಯ ಮೇಲೊಂದು ಕೃಷ್ಣನ ಗುಡಿ ಇಡಿಸಿಬಿಟ್ಟಳಂತೆ. ಗುಡಿಗೆ ಕೈಹಚ್ಚುವ ಧೈರ್ಯ ಯಾವ ರಾಜನಿಗಿದೆ? ಬಾಗಿಲು ಉಳಿಯಿತು. ಚನ್ನಗಿರಿಯ ಸೂಳೆಕೆರೆಯ ಶಾಂತವ್ವನ ಕಥೆ ಕೇಳಿ ಬೆಳೆದವರಿಗೆ ಟೀಲೋ ದೂರದ ನೆಂಟಳಂತೆ ಕಾಣುತ್ತಾಳೆ. ಕೆರೆಗೆ ದುಡ್ಡು ಸುರಿದ ಹೆಂಗಸಿನ ಕುಲ ಕೇಳುವ ಚಾಳಿ ಅಲ್ಲೂ ಇತ್ತು, ಇಲ್ಲೂ ಇತ್ತು.

ಊರಿನಿಂದ ಆಟೋದಲ್ಲಿ ಹೋಗಿಬರುವಷ್ಟು ದೂರದಲ್ಲಿ ಅಮರಸಾಗರವಿದೆ. ಪಕ್ಕದ ಜೈನ ಬಸದಿಯ ಕೆತ್ತನೆಗೆಂದು ಬಂದವರು ಕೆರೆಯತ್ತ ಬೆನ್ನು ಹಾಕಿ ನಿಲ್ಲುವುದನ್ನು ಕಂಡಿದ್ದೇನೆ. ಬೇಸಿಗೆಯ ಹತ್ತಿರ ಹೋದರೆ ಕೆರೆ ಪೂರ್ತಿ ಒಣಗಿರುತ್ತದೆ, ಹಾಗೆ ಒಣಗಿದಾಗಲೇ ಅದನ್ನು ನೋಡಬೇಕು. ಅಂಗಳದ ತುಂಬ ಕಲ್ಲುಕಟ್ಟಿದ ಬಾವಿಗಳು. ಮೇಲಿನ ನೀರು ಆರಿದ ಮೇಲೆ ನೆಲಕ್ಕೆ ಇಂಗಿದ್ದು ಈ ಬೇರಿಗಳಲ್ಲಿ ಒಸರುತ್ತದೆ. ದಡದಲ್ಲಿ ಆನೆ, ಕುದುರೆಯ ಮೂರ್ತಿಗಳಿವೆ. ನಾನು ಬರೀ ಅಲಂಕಾರ ಅಂದುಕೊಂಡಿದ್ದೆ. ನೀರು ಯಾವ ಮೂರ್ತಿಯ ಮಟ್ಟ ಮುಟ್ಟಿತು ಎಂಬುದರ ಮೇಲೆ ಎಷ್ಟು ತಿಂಗಳ ನೀರಿದೆ ಎಂದು ಲೆಕ್ಕ ಹಾಕುತ್ತಿದ್ದರಂತೆ. ಆ ದಿನ ನೋಡಿದ ಯಾವ ಹವೇಲಿಯ ಜರೋಕವೂ ನನಗೆ ಇಷ್ಟು ಹಿಡಿಸಲಿಲ್ಲ.

ಕುಲಧರಾ ಬಗ್ಗೆ ಒಂದು ಮಾತು. ಪಾಲೀವಾಲ ಬ್ರಾಹ್ಮಣರು ಬಿಟ್ಟುಹೋದ ಈ ಊರಿಗೆ ಕರೆದೊಯ್ಯುವ ಚಾಲಕರು ದಾರಿಯುದ್ದಕ್ಕೂ ದೆವ್ವದ ಕಥೆ ಹೇಳುತ್ತಾರೆ. ದೆವ್ವ ಬೇಡಪ್ಪಾ, ಖಡೀನ್ ತೋರಿಸು ಎನ್ನಿ. ಇಳಿಜಾರಿನ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿ, ಮಳೆನೀರನ್ನು ಹೊಲದಲ್ಲೇ ತಡೆದು ಇಂಗಿಸಿ, ಆ ಹಸಿಯಲ್ಲಿ ಚಳಿಗಾಲದ ಗೋಧಿ, ಕಡಲೆ ಬೆಳೆಯುವ ಪದ್ಧತಿ ಅದು. ಪಾಲೀವಾಲರು ಅದರಲ್ಲಿ ಎತ್ತಿದ ಕೈ.

ಇಷ್ಟೆಲ್ಲ ನೋಡಿ ಕೋಟೆ ಹತ್ತಿದರೆ ಅದು ಬೇರೆಯೇ ಕಾಣುತ್ತದೆ. 2013ರಲ್ಲಿ ರಾಜಸ್ಥಾನದ ಇನ್ನೂ ಐದು ಗಿರಿದುರ್ಗಗಳ ಜೊತೆ ಇದೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಜೈಸಲ್ಮೇರಿನ ಕೋಟೆಯೊಳಗೆ ಇಂದಿಗೂ ಸಾವಿರಾರು ಜನರ ಸಂಸಾರವಿದೆ, ಅಂಗಡಿಯಿದೆ, ಹೋಟೆಲುಗಳಿವೆ. ಕೊಡದಲ್ಲಿ ನೀರು ಹತ್ತಿಸುತ್ತಿದ್ದ ಕಾಲಕ್ಕೆ ಲೆಕ್ಕ ಹಾಕಿ ಕಟ್ಟಿದ ಬೆಟ್ಟಕ್ಕೆ ನಲ್ಲಿ, ಸ್ನಾನದ ಶವರ್, ಫ್ಲಶ್ ಎಲ್ಲ ಬಂದವು. ಸೋರಿದ ನೀರು ಅಡಿಯ ಮೆದು ಕಲ್ಲು, ಜೇಡಿಗೆ ಇಳಿಯಿತು. ಕೆಲವು ಬುರುಜುಗಳು ಕುಸಿದವು. 2024ರ ಮಳೆಗಾಲದಲ್ಲೂ ಗೋಡೆಯ ಒಂದು ಭಾಗ ಉರುಳಿತು. ನೀರಿಲ್ಲದೆ ಎಂಟು ಶತಮಾನ ನಿಂತದ್ದನ್ನು ನೀರು ಕೆಡವುತ್ತಿದೆ. ಹಾಗಾಗಿ ನಾನು ಕೋಟೆಯೊಳಗೆ ತಂಗುವುದಿಲ್ಲ. ಕಿಟಕಿಯಿಂದ ಮರಳುಗಾಡು ಕಾಣುತ್ತದೆ ಎಂದು ಆಸೆ ಹುಟ್ಟಿಸುತ್ತಾರೆ. ಕೆಳಗಿನ ಊರಿನಲ್ಲಿ ಕೋಣೆ ಹಿಡಿದರೆ ಕಿಟಕಿಯಿಂದ ಕೋಟೆಯೇ ಕಾಣುತ್ತದೆ. ಒಳಗಿನ ಪಾರ್ಶ್ವನಾಥ ಬಸದಿಗೆ ಮಾತ್ರ ಬೆಳಗಿನ ಹೊತ್ತಲ್ಲೇ ಹೋಗಿ. ಮಧ್ಯಾಹ್ನ ಹೋದವರು ಬಾಗಿಲು ನೋಡಿಕೊಂಡು ಬರಬೇಕಾದೀತು.

ಜೋಧಪುರದ ಮೆಹರಾನ್‌ಗಡದಲ್ಲಿ ಕಥೆ ತಿರುಗುಮುರುಗು. 1459ರಲ್ಲಿ ರಾವ್ ಜೋಧಾ ಈ ಬೆಟ್ಟಕ್ಕೆ ಬಂದಾಗ, ಅಲ್ಲಿಂದ ಎಬ್ಬಿಸಲ್ಪಟ್ಟ ಸಾಧುವೊಬ್ಬ ನಿನ್ನ ಕೋಟೆಗೆ ನೀರಿನ ಬರ ತಪ್ಪದಿರಲಿ ಎಂದು ಶಪಿಸಿದನಂತೆ. ಕೋಟೆಯ ಬುಡದ ರಾಣೀಸರದ ನೀರು ಕೋಟೆಯವರಿಗೆ, ಅದು ತುಂಬಿ ಹರಿದದ್ದು ಊರಿನವರ ಪದ್ಮಸರಕ್ಕೆ. ಮೇಲಿನ ಕೊತ್ತಲದಿಂದ ಎರಡೂ ಕಾಣುತ್ತವೆ, ಜನ ಮಾತ್ರ ನೀಲಿ ಮನೆಗಳತ್ತ ಕ್ಯಾಮೆರಾ ತಿರುಗಿಸಿರುತ್ತಾರೆ. ಕಾಲುವೆಯ ನೀರು ಈ ಊರಿಗೂ ಬಂದ ಮೇಲೆ ಹಳೆಯ ಬಾವಿ, ಬಾವಡಿಗಳನ್ನು ಸೇದುವವರಿಲ್ಲ. ಅಂತರ್ಜಲ ಮೇಲೆದ್ದು ಹಳೇ ಪೇಟೆಯ ನೆಲಮಾಳಿಗೆಗಳಿಗೆ ನುಗ್ಗಿತು. ಮರುಭೂಮಿಯ ಅಂಚಿನಲ್ಲಿ ಪಂಪು ಹಾಕಿ ನೀರು ಹೊರಚೆಲ್ಲಬೇಕಾಗಿ ಬಂತು ಅಂದರೆ ಸಾಧುವಿನ ಶಾಪಕ್ಕೆ ಏನು ಬೆಲೆ! ಇಲ್ಲಿನ ಉಮೈದ್ ಭವನದ ಟಿಕೆಟ್ಟು ನನಗೆ ದುಬಾರಿ ಅನ್ನಿಸಿತು. ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲೆಂದು 1929ರಲ್ಲಿ ಶುರುಮಾಡಿ 1943ರವರೆಗೆ ಕಟ್ಟಿದ ಅರಮನೆ ಅದು ಎಂಬುದೊಂದು ಗೊತ್ತಿದ್ದರೆ ಹೊರಗಿನಿಂದ ನೋಡಿದರೂ ಸಾಕು.

ಬಿಕಾನೇರಿನ ಜುನಾಗಡಕ್ಕೆ ಬೆಟ್ಟವಿಲ್ಲ. 1589ರಿಂದ 1594ರವರೆಗೆ ರಾಜಾ ರಾಯಸಿಂಹ ಅದನ್ನು ಬಯಲಲ್ಲೇ ಕಟ್ಟಿಸಿದ. ಅಲ್ಲಿನ ಬಾದಲ್ ಮಹಲಿನ ಗೋಡೆ ತುಂಬ ನೀಲಿ ಮೋಡಗಳು, ಸುರಿಯುವ ಮಳೆ. ಮಳೆ ಕಾಣದ ಊರಿನ ಅರಸರು ಚಿನ್ನದ ಬಳ್ಳಿಗಳ ಕೋಣೆಗಳ ನಡುವೆ ಮಳೆಗೂ ಒಂದು ಕೋಣೆ ಮಾಡಿಸಿಕೊಂಡರು. ನೀರಿಗೆ ಸಂಬಂಧವಿಲ್ಲದಿದ್ದರೂ ಇನ್ನೊಂದನ್ನು ಹೇಳದೆ ಇರಲಾರೆ. ಇಲ್ಲಿನ ಮಹಾರಾಜ ಅನೂಪಸಿಂಹ ಔರಂಗಜೇಬನ ದಂಡಿನೊಂದಿಗೆ ದಖ್ಖನಕ್ಕೆ ಬಂದವನು. ಬಳ್ಳಾರಿಯ ಆಚೆಗಿನ ಆದವಾನಿಯ ಉಸ್ತುವಾರಿ ನೋಡಿಕೊಂಡಿದ್ದು 1698ರಲ್ಲಿ ಅಲ್ಲೇ ತೀರಿಕೊಂಡ. ಯುದ್ಧಗಳ ನಡುವೆ ದಕ್ಷಿಣದಿಂದ ಅವನು ಸಾಗಿಸಿದ ಸಂಸ್ಕೃತ ಹಸ್ತಪ್ರತಿಗಳು ಬಿಕಾನೇರಿನಲ್ಲಿ ಅವನ ಹೆಸರಿನ ಗ್ರಂಥಾಲಯದಲ್ಲಿವೆ. ಬಳ್ಳಾರಿ ಸೀಮೆಯವರು ಅಲ್ಲಿಗೆ ಹೋದರೆ ಗೈಡಿಗೆ ಆದವಾನಿಯ ಹೆಸರು ಹೇಳಿ ನೋಡಿ.

ಬಿಕಾನೇರಿನ ಹತ್ತಿರದ ದೇಶನೋಕದ ಕರಣಿ ಮಾತಾ ಗುಡಿಗೆ ಎಲ್ಲರೂ ಇಲಿ ನೋಡಲು ಹೋಗುತ್ತಾರೆ. ಬರಿಗಾಲಲ್ಲಿ ಹೋಗಬೇಕು, ಎಸೆದರೂ ಬೇಸರವಾಗದ ಕಾಲುಚೀಲ ಇಟ್ಟುಕೊಂಡಿರಿ. ಆಚೆಗೆ ದೇವಿಯ ಹೆಸರಲ್ಲಿ ಬಿಟ್ಟ ಬೋರೆ ಮರಗಳ ಓರಣವಿದೆ, ನಮ್ಮ ಕೊಡಗಿನ ದೇವರಕಾಡಿನ ಹಾಗೆ ಕೊಡಲಿ ಬೀಳದ ಜಾಗ. ಅಷ್ಟು ದೂರ ಬಂದವರು ಹತ್ತು ನಿಮಿಷ ಅಲ್ಲೂ ನಡೆಯಬಹುದು.

ಪೋಕರಣದ ಹತ್ತಿರದ ರಾಮದೇವರಾದಲ್ಲೂ ರಾಮದೇವ್ ಬಾಬಾನ ಸಮಾಧಿಯ ಜೊತೆಗೆ ಕೆರೆಯಿದೆ, ಅವನೇ ಕಟ್ಟಿಸಿದ್ದೆಂದು ನಂಬುವ ರಾಮಸರೋವರ. ಬೆಂಗಳೂರು, ಹುಬ್ಬಳ್ಳಿಯ ಮಾರವಾಡಿ ಅಂಗಡಿಗಳ ಗೋಡೆಯಲ್ಲಿ ಕುದುರೆಯೇರಿ ನಿಂತಿರುವವನು ಇವನೇ. ಮುಸ್ಲಿಮರಿಗೆ ಇವನು ರಾಮಸಾ ಪೀರ್. ಬಾಬಾನ ಪಕ್ಕದಲ್ಲೇ ಮೇಘವಾಲ ಜಾತಿಯ ಡಾಲಿಬಾಯಿಯ ಸಮಾಧಿಯಿದೆ, ಅದನ್ನು ನೋಡದೆ ಬರಬೇಡಿ. ಭಾದ್ರಪದದ ಜಾತ್ರೆಗೆ ಗುಜರಾತಿನಿಂದಲೂ ಬಟ್ಟೆಯ ಕುದುರೆ ಹೊತ್ತು ನಡೆದು ಬರುತ್ತಾರೆ. ಸುಮ್ಮನೆ ನೋಡಿಬರುವವರು ಆ ದಿನಗಳನ್ನು ಬಿಟ್ಟು ಕಾರ್ತಿಕದ ಹೊತ್ತಿಗೆ ಹೋಗುವುದು ಮೇಲು. ಜನರ ಓಡಾಟ ನೋಡಲೆಂದೇ ಹೋಗುವವರು ಜಾತ್ರೆಗೇ ಹೋಗಲಿ, ಕೋಣೆಯನ್ನು ಮಾತ್ರ ಪೋಕರಣದಲ್ಲೋ ಜೈಸಲ್ಮೇರಿನಲ್ಲೋ ಮೊದಲೇ ಹಿಡಿದಿರಲಿ.